ಬ್ಯಾಟರಿ ಬೇಡದ ಕೀಲುಗೊಂಬೆಗಳು – ಚನ್ನಪಟ್ಟಣ, ಶ್ರೀರಂಗಪಟ್ಟಣ ಮತ್ತು ನಮ್ಮ ಕುವೈತ್



2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾದ ಮೇಲೆ, ರಜೆಗೆ ಊರಿಗೆ ಹೋಗಿ ಬಂದವರೆಲ್ಲ ಹೇಳುವ ಮಾತು ಒಂದೇ: “ಒಂದೂವರೆ ಗಂಟೇಲಿ ಮೈಸೂರು ಸೇರಿಬಿಟ್ವಿ ಕಣ್ರೀ!” ಸಂತೋಷ. ಆದರೆ ಆ ಒಂದೂವರೆ ಗಂಟೆಯಲ್ಲಿ ನಾವು ಏನೇನನ್ನು ಬದಿಗೆ ಬಿಟ್ಟು ಬಂದೆವು ಎಂದು ಯೋಚಿಸಿದ್ದೀರಾ? ಬಿಡದಿಯ ತಟ್ಟೆ ಇಡ್ಲಿ ಹೋಯಿತು, ಮದ್ದೂರಿನ ವಡೆ ಹೋಯಿತು. ಜೊತೆಗೆ ಚನ್ನಪಟ್ಟಣವೂ ಹೋಯಿತು. ಮೊದಲು ಹಳೇ ರಸ್ತೆ ಊರಿನ ನಡುವೆಯೇ ಹಾದುಹೋಗುತ್ತಿತ್ತು. ಕಾಫಿಗೆಂದು ಕಾರು ನಿಲ್ಲಿಸಿದವರು ಮಕ್ಕಳ ಹಟಕ್ಕೆ ಒಂದು ಬುಗುರಿಯನ್ನೋ ಒಂದು ಎಳೆಯುವ ಗಾಡಿಯನ್ನೋ ಕೊಳ್ಳುತ್ತಿದ್ದರು. ಈಗ ಬೈಪಾಸ್ ಮೇಲೆ ಕಾರುಗಳು ನೂರರ ವೇಗದಲ್ಲಿ ಹೋಗುತ್ತವೆ, ಹಳೇ ರಸ್ತೆಯ ಗೊಂಬೆ ಅಂಗಡಿಗಳವರು ಗಿರಾಕಿಗಳಿಗಾಗಿ ಕಾಯುತ್ತಾರೆ.

ಇದೇ ರಸ್ತೆಯಲ್ಲಿ ಇನ್ನೊಂದು ಗಂಟೆ ಮುಂದೆ ಹೋದರೆ ಶ್ರೀರಂಗಪಟ್ಟಣ. ಜಗತ್ತಿನ ಬಹು ಪ್ರಸಿದ್ಧವಾದ ಚಲಿಸುವ ಮರದ ಯಂತ್ರಗೊಂಬೆಯೊಂದು ಇದ್ದದ್ದು ಅಲ್ಲಿ! ಹೀಗಾಗಿ ಮರಕ್ಕೆ ಜೀವ ಕೊಡುವ ವಿದ್ಯೆಯ ಎರಡು ಊರುಗಳು ಒಂದೇ ದಾರಿಯಲ್ಲಿವೆ. ಈ ಲೇಖನ ಆ ವಿದ್ಯೆಯ ಬಗ್ಗೆ. ಅದು ಹೇಗೆ ಕೆಲಸ ಮಾಡುತ್ತದೆ, ನಮ್ಮ ಮಕ್ಕಳಿಗೆ ಅದು ಯಾಕೆ ಬೇಕು ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಹೇಳುತ್ತೇವೆ.

<b>ಕೀಲು ಎಂದರೆ...</b>

ಕನ್ನಡದಲ್ಲಿ ಕೀಲು ಎಂಬುದು ಬಹಳ ದುಡಿಯುವ ಪದ. ಮೊಣಕಾಲಿನ ಸಂದೂ ಕೀಲು, ಗಾಡಿಯ ಚಕ್ರ ಕಳಚದಂತೆ ಅಚ್ಚಿಗೆ ಹಾಕುವ ಕಡಾಣಿಯೂ ಒಂದು ಕೀಲು. ಗೊಂಬೆಗೆ ‘ಕೀಲಿ ಕೊಡುವುದು’ ಎನ್ನುತ್ತೇವೆ. ಹಬ್ಬದ ಮೆರವಣಿಗೆಯಲ್ಲಿ ಕೀಲುಕುದುರೆ ಕುಣಿಯುತ್ತದೆ. ಕೈಕಾಲು ಆಡಿಸುವ ಗೊಂಬೆಗೆ ಕೀಲುಗೊಂಬೆ ಎಂಬ ಹೆಸರಿದೆ. ಇಂಗ್ಲಿಷಿನವರು ‘ಆಟೊಮ್ಯಾಟಾ’ ಎನ್ನುವುದಕ್ಕೆ ನಮ್ಮಲ್ಲಿ ಹೊಸ ಪದ ಹುಡುಕುವ ಅಗತ್ಯವೇ ಇಲ್ಲ ನೋಡಿ.

ಕೀಲುಗೊಂಬೆಗಳಲ್ಲಿ ಅತಿ ಸರಳವಾದದ್ದನ್ನು ನೀವೆಲ್ಲ ಜಾತ್ರೆಯಲ್ಲೋ ಕರಕುಶಲ ಅಂಗಡಿಯಲ್ಲೋ ಕಂಡಿರುತ್ತೀರಿ. ಹಿಡಿ ಇರುವ ಒಂದು ದುಂಡು ಹಲಗೆ, ಅದರ ಮೇಲೆ ನಾಲ್ಕೈದು ಕೋಳಿಗಳು, ಹಲಗೆಯ ಕೆಳಗೆ ದಾರದಲ್ಲಿ ತೂಗುವ ಮರದ ಗುಂಡು. ಗುಂಡನ್ನು ವೃತ್ತಾಕಾರವಾಗಿ ತಿರುಗಿಸಿದರೆ ಕೋಳಿಗಳು ಟಕ ಟಕ ಎಂದು ಒಂದಾದ ಮೇಲೊಂದು ಕಾಳು ಕುಟುಕುತ್ತವೆ. (ರಷ್ಯಾದಲ್ಲಿ ಮಾಸ್ಕೋ ಹತ್ತಿರದ ಬಗರೋದ್‌ಸ್ಕೊಯೆ ಎಂಬ ಹಳ್ಳಿ ಇಂಥ ಗೊಂಬೆಗಳಿಗೇ ಹೆಸರುವಾಸಿ.)

ಇದರಲ್ಲಿ ನಡೆಯುವುದು ಇಷ್ಟೇ: ಪ್ರತಿ ಕೋಳಿಯ ಕತ್ತಿಗೂ ಒಂದು ಕಡ್ಡಿಯ ಕೀಲು, ಒಂದು ದಾರ. ದಾರಗಳೆಲ್ಲ ಹಲಗೆಯ ತೂತುಗಳಿಂದ ಇಳಿದು ಒಂದೇ ಗುಂಡಿಗೆ ಸೇರುತ್ತವೆ. ಗುಂಡು ಒಂದು ಬದಿಗೆ ಹೋದಾಗ ಅದರ ಎದುರು ಬದಿಯ ದಾರ ಬಿಗಿಯುತ್ತದೆ, ತನ್ನ ಬದಿಯ ದಾರ ಸಡಿಲವಾಗುತ್ತದೆ. ಬಿಗಿದ ದಾರದ ಕೋಳಿ ಒಂದು ಕಡೆ ವಾಲುತ್ತದೆ, ಸಡಿಲವಾದದ್ದು ಇನ್ನೊಂದು ಕಡೆ. ಗುಂಡು ಸುತ್ತುತ್ತಿರುವವರೆಗೂ ಸರದಿ ತಪ್ಪುವುದಿಲ್ಲ. ಒಂದೇ ಪ್ರೊಸೆಸರ್ ಹಲವು ಕೆಲಸಗಳಿಗೆ ಸರದಿಯ ಮೇಲೆ ಸಮಯ ಹಂಚುವುದನ್ನು ನಾವು ‘ರೌಂಡ್ ರಾಬಿನ್’ ಎಂದು ಕರೆಯುತ್ತೇವೆ. ಕಂಪ್ಯೂಟರ್ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಗೆ ಓದುವಾಗ ಎರಡು ತರಗತಿಗಳಲ್ಲಿ ನಮ್ಮ ತಲೆಗೆ ತುರುಕಿದ್ದನ್ನು ಈ ಕೋಳಿಗಳು ಎರಡು ನಿಮಿಷದಲ್ಲಿ ತೋರಿಸಿಬಿಡುತ್ತವೆ!

ಸಾಲ್ಮಿಯಾದ ನಮ್ಮ ಫ್ಲಾಟಿಗೆ ಇಂಥದ್ದೊಂದನ್ನು ತಂದಾಗ, ಬಂದ ಮಕ್ಕಳಲ್ಲಿ ಒಬ್ಬ ಅದನ್ನು ತಲೆಕೆಳಗು ಮಾಡಿ ಕೇಳಿದ: “ಅಂಕಲ್, ಇದಕ್ಕೆ ಬ್ಯಾಟರಿ ಎಲ್ಲಿ ಹಾಕೋದು?” ನಗುವ ವಿಷಯವೇನಲ್ಲ. ಅವನು ಕಂಡ ಆಟಿಕೆಗಳೆಲ್ಲ ಸ್ಕ್ರೂ ಹಾಕಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಗಳು. ಒಳಗೆ ಇರುವುದು ಒಂದು ಚಿಪ್. ಬಿಚ್ಚಿದರೂ ಏನೂ ಕಾಣದು. ಮರದ ಕೀಲುಗೊಂಬೆಯಲ್ಲಿ ಮುಚ್ಚಿಡುವುದು ಏನೂ ಇಲ್ಲ. ಐದು ನಿಮಿಷ ಬಿಟ್ಟರೆ ಯಾವ ದಾರ ಯಾವ ಕೋಳಿಯದು ಎಂದು ಹುಡುಗ ತಾನೇ ಕಂಡುಹಿಡಿದ.

<b>ಕಡೆಯುವುದು: ಮಜ್ಜಿಗೆಯೂ ಹೌದು, ಮರವೂ ಹೌದು</b>

ಚನ್ನಪಟ್ಟಣದ ಕೆಲಸದ ಜೀವಾಳ ಲೇತ್. ಮರದ ತುಂಡನ್ನು ವೇಗವಾಗಿ ತಿರುಗಿಸಿ, ಉಳಿಯನ್ನು ಒಡ್ಡಿ ಬೇಕಾದ ಆಕಾರಕ್ಕೆ ತರುವುದು. ಇದಕ್ಕೆ ನಮ್ಮ ಭಾಷೆಯಲ್ಲಿ ‘ಕಡೆಯುವುದು’ ಎನ್ನುತ್ತಾರೆ. ಮೊಸರು ಕಡೆಯುವುದಕ್ಕೂ ಅದೇ ಮಾತು! ಅಜ್ಜಿಯ ಮನೆಯ ಕಡಗೋಲನ್ನು ನೆನಪಿಸಿಕೊಳ್ಳಿ. ಕೋಲಿಗೆ ಹಗ್ಗ ಸುತ್ತಿ ಅತ್ತ ಎಳೆದರೆ ಒಂದು ಸುತ್ತು, ಇತ್ತ ಎಳೆದರೆ ಇನ್ನೊಂದು ಸುತ್ತು. ವಿದ್ಯುತ್ ಮೋಟಾರು ಬರುವ ಮೊದಲಿನ ಕೈ ಲೇತ್ ಕೂಡ ಹೀಗೆಯೇ ತಿರುಗುತ್ತಿತ್ತು. ಒಂದು ಕೈಯಲ್ಲಿ ಬಿಲ್ಲು, ಬಿಲ್ಲಿನ ದಾರ ಮರದ ತುಂಡಿಗೆ ಸುತ್ತಿದೆ, ಇನ್ನೊಂದು ಕೈಯಲ್ಲಿ ಉಳಿ.

ಅಂದ ಹಾಗೆ, ಈ ಬಿಲ್ಲು ಕುವೈತ್‌ಗೂ ಹೊಸದಲ್ಲ. ಎಣ್ಣೆ ಸಿಗುವ ಮೊದಲು ಈ ನಾಡಿನ ಬದುಕು ನಿಂತದ್ದು ಮುತ್ತು ಮತ್ತು ಮರದ ಹಡಗುಗಳ ಮೇಲೆ. ಹಡಗು ಕಟ್ಟುವ ಬಡಗಿಯನ್ನು ಇಲ್ಲಿನವರು ಗಲ್ಲಾಫ್ ಎನ್ನುತ್ತಾರೆ. ಹಲಗೆಗಳಿಗೆ ಮೊಳೆ ಹೊಡೆಯುವ ಮೊದಲು ಅವನು ತೂತು ಕೊರೆಯುತ್ತಿದ್ದದ್ದು ಬಿಲ್ಲಿನಿಂದ ತಿರುಗಿಸುವ ಬೈರಿಗೆಯಲ್ಲಿ. ಆ ಹಡಗುಗಳ ಸಾಗುವಾನಿ ಮರ ಬರುತ್ತಿದ್ದದ್ದು ನಮ್ಮ ಪಕ್ಕದ ಮಲಬಾರಿನಿಂದ. ಸಾಲ್ಮಿಯಾದ ಸೈಂಟಿಫಿಕ್ ಸೆಂಟರ್ ಹತ್ತಿರ ನಿಲ್ಲಿಸಿರುವ ‘ಫತೇಹ್ ಅಲ್-ಖೈರ್’ ಎಂಬ 1938ರ ಹಡಗನ್ನು ಮಕ್ಕಳಿಗೆ ಮೀನು ತೋರಿಸಲು ಹೋದಾಗ ಒಮ್ಮೆ ನಿಂತು ನೋಡಿ.

ಚನ್ನಪಟ್ಟಣಕ್ಕೆ ಈ ಕಲೆ ಬಂದದ್ದು ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕರೆಸಿದ ಕುಶಲಕರ್ಮಿಗಳಿಂದ ಎಂದು ಹೇಳುತ್ತಾರೆ. ಅಂದರೆ ನಮ್ಮ ಈ ಕೊಲ್ಲಿಯ ಆಚೆ ದಡದಿಂದ! 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಗೊಂಬೆ ತಯಾರಿಕೆಯ ವಿಧಾನಗಳನ್ನು ಇಲ್ಲಿಗೆ ತಂದರು. ಚನ್ನಪಟ್ಟಣದವರು ಇಂದಿಗೂ ಅವರನ್ನು ಈ ಕಸುಬಿನ ಪಿತಾಮಹ ಎಂದೇ ನೆನೆಯುತ್ತಾರೆ.

ಮುಖ್ಯವಾಗಿ ಬಳಸುವುದು ಹಾಲೆ ಮರ. ಬಿಳಿಯ ಬಣ್ಣ, ನಯವಾದ ಎಳೆ, ಉಳಿಗೆ ಹಿತ. ತಿಂಗಳುಗಟ್ಟಲೆ ಒಣಗಿಸಿ, ತುಂಡರಿಸಿ, ಲೇತ್‌ಗೆ ಏರಿಸುತ್ತಾರೆ. ಆಕಾರ ಬಂದ ಮೇಲೆ ಬಣ್ಣ. ಬಣ್ಣ ಎಂದರೆ ಬ್ರಷ್ ಅಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಶಾಖಕ್ಕೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. ನಂತರ ಕೇದಗೆಯ ಒಣ ಗರಿಯನ್ನು ಒತ್ತಿ ಹಿಡಿದರೆ ಕನ್ನಡಿಯಂಥ ಹೊಳಪು. ಒಲೆಯಿಲ್ಲ, ಒಣಗಲು ಕಾಯುವುದಿಲ್ಲ, ಲೇತ್ ನಿಂತಾಗ ಬಣ್ಣವೂ ಮುಗಿದಿರುತ್ತದೆ. ಎಷ್ಟು ಸಲ ನೋಡಿದರೂ ಬೇಸರವಾಗದ ಕೆಲಸ ಇದು.

ಇನ್ನು ನಮ್ಮ ವಿಷಯದ ತಿರುಳಿಗೆ ಬರೋಣ. ಲೇತ್‌ನಿಂದ ಇಳಿದದ್ದೆಲ್ಲ ದುಂಡಗೇ ಇರುತ್ತದೆ. ತಲೆ ದುಂಡು, ಹೊಟ್ಟೆ ದುಂಡು, ಚಕ್ರ ದುಂಡು. ಚನ್ನಪಟ್ಟಣದ ಗೊಂಬೆಗಳೆಲ್ಲ ಗುಂಡು ಗುಂಡಾಗಿ ಮುದ್ದಾಗಿರಲು ಇದೇ ಕಾರಣ. ಆದರೆ ದುಂಡು ಬಿಲ್ಲೆಯಿಂದ ಚಲನೆ ಹುಟ್ಟುವುದು ಹೇಗೆ? ಬಿಲ್ಲೆಯ ಸರಿಯಾದ ನಡುವೆ ತೂತು ಕೊರೆದು ಅಚ್ಚು ಹಾಕಿದರೆ ಅದು ಚಕ್ರ, ಗಾಡಿ ನುಣ್ಣಗೆ ಸಾಗುತ್ತದೆ. ಅದೇ ಬಿಲ್ಲೆಗೆ ನಡುವಿನಿಂದ ತುಸು ಆಚೆ ತೂತು ಕೊರೆದರೆ ಅದು ಕ್ಯಾಮ್. ಅದನ್ನೇ ಗಾಡಿಗೆ ಹಾಕಿದರೆ ಎಳೆದಾಗ ಬಾತುಕೋಳಿ ಕುಪ್ಪಳಿಸುತ್ತ ಬರುತ್ತದೆ. ಪೆಟ್ಟಿಗೆಯೊಳಗೆ ಹಾಕಿದರೆ ಮೇಲಿನ ಗೊಂಬೆ ಎದ್ದು ಕೂರುತ್ತದೆ. ಅದೇ ಮರ, ಅದೇ ಬಿಲ್ಲೆ. ಕೊರೆದ ಜಾಗ ಮಾತ್ರ ಬೇರೆ.

<b>ಹುಲಿಯ ಹೊಟ್ಟೆಯೊಳಗೆ</b>

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಟಿಪ್ಪುವಿನ ಅರಮನೆಯ ಸಂಗೀತದ ಕೋಣೆಯಲ್ಲಿ ಬ್ರಿಟಿಷರಿಗೆ ಒಂದು ವಿಚಿತ್ರ ವಸ್ತು ಸಿಕ್ಕಿತು. ಬಣ್ಣ ಬಳಿದ ಮರದ ಹುಲಿ, ಸುಮಾರು ಐದೂಮುಕ್ಕಾಲು ಅಡಿ ಉದ್ದ. ಅದರ ಕೆಳಗೆ ಅಂಗಾತ ಬಿದ್ದ ಯೂರೋಪಿಯನ್ ಸಿಪಾಯಿ. ಪಕ್ಕದಲ್ಲಿ ಒಂದು ತಿರುಗಣೆ ಹಿಡಿ. ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಎಡಗೈ ಮೇಲೆ ಕೆಳಗೆ ಆಡುತ್ತದೆ. 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಜನರಲ್ ಹೆಕ್ಟರ್ ಮನ್ರೋನ ಮಗ ಹುಲಿಗೆ ಬಲಿಯಾದ ಘಟನೆಗೂ ಈ ಗೊಂಬೆಗೂ ನಂಟು ಕಟ್ಟುವವರಿದ್ದಾರೆ. ಟಿಪ್ಪುವಿನ ಬಗ್ಗೆ ನಮ್ಮೂರಲ್ಲಿ ನಡೆಯುವ ವಾದವಿವಾದ ಎಲ್ಲರಿಗೂ ಗೊತ್ತು, ಅದು ಇಲ್ಲಿ ಬೇಡ. ನಮ್ಮ ಕುತೂಹಲವೆಲ್ಲ ಹುಲಿಯ ಹೊಟ್ಟೆಯೊಳಗೆ ಏನಿದೆ ಎಂಬುದರಲ್ಲಿ.

ಹುಲಿ ಗಟ್ಟಿ ಮರದ ದಿಮ್ಮಿಯಲ್ಲ. ಒಳಗೆ ಪೊಳ್ಳು, ಹೊರಗೆ ತೆಳುವಾದ ಮರದ ಚಿಪ್ಪು. ಒಂದೇ ಹಿಡಿ ತಿರುಗಿದರೂ ಒಳಗೆ ಹಲವು ಕೆಲಸ ಹಂಚಿಹೋಗುತ್ತವೆ. ಒಂದು ತಿದಿ ಮನುಷ್ಯನ ಗಂಟಲಿನ ಕೊಳವೆಗೆ ಗಾಳಿ ಊದಿ ನರಳುವ ಸದ್ದು ಮಾಡುತ್ತದೆ. (ತಿದಿ ಎಂದರೆ ಕಮ್ಮಾರನ ಕುಲುಮೆಯಲ್ಲಿ ಇರುತ್ತದಲ್ಲ, ಅದೇ.) ಒಂದು ಸನ್ನೆಕೋಲು ಅವನ ಕೈಯನ್ನು ಎತ್ತಿ ಇಳಿಸುತ್ತದೆ. ಕೈ ಆಡಿದಂತೆ ನರಳುವ ಸ್ವರವೂ ಏರಿಳಿಯುವ ಹಾಗೆ ಅದನ್ನು ಕೂಡಿಸಿದ್ದಾರೆ, ಎಂಥ ಜಾಣತನ! ಹುಲಿಯ ತಲೆಯೊಳಗಿನ ಇನ್ನೊಂದು ಏರ್ಪಾಟು ಗುರುಗುಟ್ಟುವ ಸದ್ದಿಗೆ. ಇಷ್ಟು ಸಾಲದೆಂದು ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ 18 ದಂತದ ಗುಂಡಿಗಳಿರುವ ಪುಟ್ಟ ಆರ್ಗನ್ ವಾದ್ಯ. ಒಳಗಿನ ಯಂತ್ರದಲ್ಲಿ ಫ್ರೆಂಚ್ ಕುಶಲಕರ್ಮಿಗಳ ಕೈ ಇರಬಹುದೆಂದು ವಿದ್ವಾಂಸರು ಹೇಳುತ್ತಾರೆ. ಹುಲಿಯ ಕೆತ್ತನೆ, ಬಣ್ಣ ಮಾತ್ರ ಅಪ್ಪಟ ಮೈಸೂರು ಸೀಮೆಯದು.

1808ರಿಂದ ಅದನ್ನು ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಪ್ರದರ್ಶನಕ್ಕಿಟ್ಟರು. ಬಂದವರೆಲ್ಲ ಹಿಡಿ ತಿರುಗಿಸಿದ್ದೇ ತಿರುಗಿಸಿದ್ದು. ಅಲ್ಲಿನ ಗ್ರಂಥಾಲಯದಲ್ಲಿ ಓದಲು ಕೂತವರಿಗೆ ಹುಲಿಯ ಕಾಟ ತಾಳಲಾಗಲಿಲ್ಲವಂತೆ! ಕೊನೆಗೆ ಹಿಡಿಯೇ ಕಾಣೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಛಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಚೂರುಗಳನ್ನು ಜೋಡಿಸಿ 1947ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು. ಯೋಚಿಸಿ, ಒಳಗಿರುವುದೆಲ್ಲ ಕಣ್ಣಿಗೆ ಕಾಣುವಂಥ ಕೀಲು, ಕೋಲು, ಕೊಳವೆಗಳಾದ್ದರಿಂದಲೇ ಅದು ಸಾಧ್ಯವಾಯಿತು. ನಮ್ಮ ಇಂದಿನ ಚಿಪ್ಪಿನ ಆಟಿಕೆಯೊಂದು ನೂರು ಚೂರಾದರೆ ಜೋಡಿಸುವವರು ಯಾರು? ಇಂದು ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ. ಶ್ರೀರಂಗಪಟ್ಟಣದಲ್ಲಿ ಅದಿದ್ದ ಲಾಲ್ ಮಹಲ್ ಅರಮನೆ, ರಂಗನಾಥಸ್ವಾಮಿ ದೇವಸ್ಥಾನದ ಬಳಿ ಕುರುಹಾಗಿ ಮಾತ್ರ ಉಳಿದಿದೆ.

ಟಿಪ್ಪುವಿನ ಹುಲಿಗಿಂತ ಬಹಳ ಹಿಂದೆಯೇ ಇಂಥ ಯಂತ್ರಗಳ ಕನಸು ಕಂಡವರಿದ್ದರು. 11ನೇ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ, ಮರದ ಹಕ್ಕಿ, ಮರದ ಗೊಂಬೆಗಳೆಲ್ಲ ಅದರಲ್ಲಿ ಬರುತ್ತವೆ. ನಾವಿರುವ ಈ ಭಾಗದಲ್ಲಿ ದೊಡ್ಡ ಹೆಸರು ಅಲ್-ಜಜಾರಿ. ಯೂಫ್ರಟಿಸ್–ಟೈಗ್ರಿಸ್ ಸೀಮೆಯ ಈ ಯಂತ್ರಶಿಲ್ಪಿ 1206ರಲ್ಲಿ ಮುಗಿಸಿದ ಪುಸ್ತಕದಲ್ಲಿ ಹತ್ತಾರು ಯಂತ್ರಗಳ ವಿವರ, ಚಿತ್ರ ಎಲ್ಲ ಕೊಟ್ಟಿದ್ದಾನೆ. ದುಬೈನ ಇಬ್ನ್ ಬತೂತಾ ಮಾಲ್‌ಗೆ ಹೋದವರು ಅವನ ಆನೆ ಗಡಿಯಾರದ ದೊಡ್ಡ ಪ್ರತಿಕೃತಿಯ ಮುಂದೆ ಫೋಟೋ ತೆಗೆಸಿಕೊಂಡಿರುತ್ತೀರಿ. ಆ ಆನೆ ಭಾರತದ ಗುರುತು!

ನಮಗೆ ಇನ್ನೂ ಇಷ್ಟವಾದದ್ದು ಅವನ ವಾದ್ಯಗಾರರ ದೋಣಿ. ನೀರಿನ ಬಲದಿಂದ ತಿರುಗುವ ಒಂದು ಉರುಳೆ, ಅದರ ಮೇಲೆ ಅಲ್ಲಲ್ಲಿ ಮೊಳೆಗಳು. ಮೊಳೆ ಸನ್ನೆಕೋಲಿಗೆ ತಾಗಿದಾಗ ಗೊಂಬೆ ವಾದ್ಯ ಬಾರಿಸುತ್ತದೆ. ಮೊಳೆಗಳ ಜಾಗ ಬದಲಿಸಿದರೆ ತಾಳವೇ ಬದಲು. ಯಂತ್ರ ಅದೇ, ಮಾಡುವ ಕೆಲಸ ಬೇರೆ. ನಾವು ಸಾಫ್ಟ್‌ವೇರ್ ಎಂದು ಸಂಬಳ ತೆಗೆದುಕೊಳ್ಳುವುದು ಇನ್ನೇನಕ್ಕೆ?

<b>ಮನೆಯಲ್ಲೇ ಒಂದು ಮಾಡೋಣ</b>

2016ರ ಜುಲೈನಲ್ಲಿ ಇಲ್ಲಿನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದದ್ದು ನೆನಪಿರಬಹುದು. ಇಂಥ ಬೇಸಿಗೆಯಲ್ಲಿ ಊರಿಗೆ ಹೋಗದೆ ಉಳಿದ ಮಕ್ಕಳಿಗೆ ಮನೆಯೊಳಗೇ ಕೆಲಸ ಬೇಕು. ಬೇಕಾಗುವುದು: ಶೂ ಬಂದ ರಟ್ಟಿನ ಪೆಟ್ಟಿಗೆ, ಕಬಾಬಿನ ಬಿದಿರು ಕಡ್ಡಿಗಳು, ದಪ್ಪ ರಟ್ಟು, ಜ್ಯೂಸ್ ಕುಡಿಯುವ ಸ್ಟ್ರಾ, ಅಂಟು. ಮರದಲ್ಲೇ ಮಾಡುವ ಉತ್ಸಾಹವಿದ್ದರೆ ಶುವೈಖ್ ಇಂಡಸ್ಟ್ರಿಯಲ್ ಕಡೆಯ ಬಡಗಿಗಳ ಅಂಗಡಿಗಳಲ್ಲಿ ಚೂರು ಹಲಗೆ ಕೇಳಿ ನೋಡಿ.

ಪೆಟ್ಟಿಗೆಯನ್ನು ಪಕ್ಕಕ್ಕೆ ಮಲಗಿಸಿ, ತೆರೆದ ಬಾಯಿ ನಿಮ್ಮ ಕಡೆ ಇರಲಿ. ಎಡ ಬಲ ಗೋಡೆಗಳಲ್ಲಿ ತೂತು ಮಾಡಿ ಒಂದು ಕಡ್ಡಿಯನ್ನು ಅಡ್ಡಲಾಗಿ ಹಾಯಿಸಿ. ಅದು ಅಚ್ಚು. ರಟ್ಟಿನಲ್ಲಿ ಐದು ಸೆಂಟಿಮೀಟರ್ ಅಗಲದ ಬಿಲ್ಲೆ ಕತ್ತರಿಸಿ, ನಡುವಿನಿಂದ ಒಂದು ಸೆಂಟಿಮೀಟರ್ ಆಚೆ ತೂತು ಮಾಡಿ ಅಚ್ಚಿಗೆ ಅಂಟಿಸಿ. ಪೆಟ್ಟಿಗೆಯ ಮೇಲ್ಭಾಗದಲ್ಲಿ, ಬಿಲ್ಲೆಯ ನೇರಕ್ಕೆ ಸ್ಟ್ರಾ ತುಂಡೊಂದನ್ನು ನಿಲ್ಲಿಸಿ. ಅದರೊಳಗಿಂದ ಇನ್ನೊಂದು ಕಡ್ಡಿ ಇಳಿಸಿ, ಕೆಳತುದಿಗೆ ಚಪ್ಪಟೆ ಬಿಲ್ಲೆ, ಮೇಲುತುದಿಗೆ ನಿಮ್ಮ ಗೊಂಬೆ. ಅಚ್ಚಿನ ಹೊರತುದಿಯನ್ನು ತಿರುಗಿಸಿ ನೋಡಿ!

ಗೊಂಬೆ ಎಷ್ಟು ಎತ್ತರ ಏರುತ್ತದೆ ಎಂದು ಮಕ್ಕಳನ್ನು ಮೊದಲೇ ಕೇಳಿ. ಹೆಚ್ಚಿನವರು ಒಂದು ಸೆಂಟಿಮೀಟರ್ ಎನ್ನುತ್ತಾರೆ. ಅಳೆದರೆ ಎರಡು! ತೂತು ನಡುವಿನಿಂದ ಎಷ್ಟು ಸರಿದಿದೆಯೋ ಅದರ ಎರಡರಷ್ಟು. ಯಾಕೆ ಎಂದು ಅವರೇ ಚಿತ್ರ ಬರೆದು ಕಂಡುಕೊಳ್ಳಲಿ. ಇನ್ನು ಕೆಳಗಿನ ಬಿಲ್ಲೆ ಗೊಂಬೆಯ ಕಡ್ಡಿಯ ನೇರಕ್ಕಿರದೆ ತುಸು ಪಕ್ಕಕ್ಕಿದ್ದರೆ, ಗೊಂಬೆ ಏರಿಳಿಯುವುದರ ಜೊತೆಗೆ ಗಿರ್ರನೆ ತಿರುಗುತ್ತದೆ ಕೂಡ. ಒಂದೇ ಅಚ್ಚಿಗೆ ಎರಡು ಬಿಲ್ಲೆಗಳನ್ನು ಎದುರುಬದುರಾಗಿ ಅಂಟಿಸಿದರೆ ಒಬ್ಬಳು ಒನಕೆ ಎತ್ತಿದಾಗ ಇನ್ನೊಬ್ಬಳು ಇಳಿಸುತ್ತಾಳೆ, ಭತ್ತ ಕುಟ್ಟುವ ಜೋಡಿ ಸಿದ್ಧ. ದುಂಡು ಬಿಲ್ಲೆಯ ಬದಲು ಬಸವನಹುಳುವಿನ ಚಿಪ್ಪಿನ ಆಕಾರ ಕತ್ತರಿಸಿದರೆ ಒನಕೆ ನಿಧಾನವಾಗಿ ಏರಿ ಧೊಪ್ಪನೆ ಬೀಳುತ್ತದೆ. ಅದನ್ನು ಮಾತ್ರ ಒಂದೇ ದಿಕ್ಕಿಗೆ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ಸಿಕ್ಕಿಕೊಳ್ಳುತ್ತದೆ.

ಎರಡು ತೊಂದರೆ ಬಂದೇ ಬರುತ್ತವೆ. ಗೊಂಬೆ ಏರಿತು, ಇಳಿಯಲಿಲ್ಲ ಎಂದರೆ ಅದಕ್ಕೆ ತೂಕ ಸಾಲದು. ಕ್ಯಾಮ್ ಎತ್ತುವುದು ಮಾತ್ರ, ಇಳಿಸುವುದು ಭೂಮಿಯ ಸೆಳೆತ. ಕೆಳಬಿಲ್ಲೆಗೆ ಒಂದು ನೂರು ಫಿಲ್ಸ್ ನಾಣ್ಯ ಅಂಟಿಸಿ. ಕಡ್ಡಿ ಓರೆಯಾಗಿ ಸಿಕ್ಕಿಕೊಂಡರೆ ಸ್ಟ್ರಾ ತುಂಡು ಗಿಡ್ಡವಾಗಿದೆ ಎಂದರ್ಥ, ಉದ್ದ ಮಾಡಿ. ಮರ ಮರಕ್ಕೆ ಉಜ್ಜುವ ಕಡೆ ಎಣ್ಣೆ ಹಾಕಬೇಡಿ, ಮರ ಕುಡಿದುಬಿಡುತ್ತದೆ. ಮೇಣದ ಬತ್ತಿ ಉಜ್ಜಿದರೆ ಸಾಕು.

ಊರಿನಿಂದ ತಂದ ಗೊಂಬೆಗಳಿಗೂ ಇಲ್ಲಿ ಸ್ವಲ್ಪ ಆರೈಕೆ ಬೇಕು. ಮರ ಗಾಳಿಯ ತೇವಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತದೆ, ಅದೂ ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಮೈಸೂರು ಸೀಮೆಯಲ್ಲಿ ಬಿಗಿಯಾಗಿದ್ದ ಅಚ್ಚು ಕುವೈತ್‌ನ ಒಣ ಹವೆಯಲ್ಲಿ ಸಡಿಲವಾಗಬಹುದು, ಚಕ್ರ ಕಳಚಬಹುದು. ಎಸಿಯ ನೇರ ಗಾಳಿಗೂ ಕಿಟಕಿಯ ಬಿಸಿಲಿಗೂ ಇಡಬೇಡಿ. ಅರಗು ಶಾಖಕ್ಕೆ ಮೆತ್ತಗಾಗುವ ವಸ್ತು, ಜುಲೈ ತಿಂಗಳಲ್ಲಿ ಕಾರಿನೊಳಗಂತೂ ಬಿಡಲೇಬೇಡಿ.

<b>ಹಳೇ ರಸ್ತೆಗೆ ಇಳಿಯಿರಿ</b>

ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2015ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ದೆಹಲಿಯ ರಾಜಪಥದಲ್ಲಿ ಮೆರೆದದ್ದೂ ಇದೇ ಗೊಂಬೆ. ಆದರೆ ಮಾನ್ಯತೆಯ ಪತ್ರದಿಂದ ಲೇತ್ ತಿರುಗುವುದಿಲ್ಲ. ಅಗ್ಗದ ಪ್ಲಾಸ್ಟಿಕ್ ಆಟಿಕೆಯ ಜೊತೆ ಪೈಪೋಟಿ, ಮರದ ಬೆಲೆ, ಈಗ ಬೈಪಾಸ್. ಉಳಿ ಹಿಡಿಯುವ ಅಪ್ಪನಿಗೆ ತನ್ನ ಮಗ ಬೆಂಗಳೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರಲಿ ಎಂಬ ಆಸೆ. ಕಂಪ್ಯೂಟರ್ ಮುಂದೆ ಕೂತೇ ಇಲ್ಲಿಯವರೆಗೆ ಬಂದ ನಾವು ಅದನ್ನು ತಪ್ಪು ಎನ್ನಲಾಗದು. ಕೊಳ್ಳುವವರಿದ್ದರೆ ಅವನು ಊರಲ್ಲೇ ಉಳಿಯುವುದನ್ನೂ ಯೋಚಿಸಬಹುದು, ಅಷ್ಟೇ.

ಆದ್ದರಿಂದ ಮುಂದಿನ ರಜೆಯಲ್ಲಿ ಮೈಸೂರಿಗೆ ಹೋಗುವಾಗ ಚನ್ನಪಟ್ಟಣದ ಬೈಪಾಸ್‌ಗೆ ಮೊದಲೇ ಹಳೇ ರಸ್ತೆಗೆ ಇಳಿದುಕೊಳ್ಳಿ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಒಂದು ಗಂಟೆ ಹೆಚ್ಚಾದೀತು, ಹಾಗೇ ಮದ್ದೂರು ವಡೆಯೂ ಸಿಕ್ಕೀತು. ಅಂಗಡಿಯಲ್ಲಿ ಕೊಂಡು ಹೊರಟುಬಿಡಬೇಡಿ, ಕೆಲಸ ಮಾಡುವ ಜಾಗ ನೋಡಬಹುದೇ ಎಂದು ಕೇಳಿ. ಚಿಕ್ಕ ಮಕ್ಕಳಿಗಾದರೆ ಯಾವ ಬಣ್ಣ ಬಳಸಿದ್ದಾರೆಂದು ವಿಚಾರಿಸಿ. ಅರಿಸಿನ, ನೀಲಿಯಂಥ ಸಸ್ಯಜನ್ಯ ಬಣ್ಣ ಹಾಕುವವರಿದ್ದಾರೆ, ಎಲ್ಲರೂ ಅಲ್ಲ. ಅರಗು ಕರಗುವುದನ್ನು ಮಕ್ಕಳು ಹತ್ತಿರದಿಂದ ನೋಡಲಿ. ಹೊರಡುವ ಮುನ್ನ, ಐದು ಸೆಂಟಿಮೀಟರಿನ ನಾಲ್ಕು ಬಿಲ್ಲೆ ಕಡೆದು ಕೊಡಿ ಎಂದು ಕೇಳಿ, ಕೇಳಿದಷ್ಟು ದುಡ್ಡು ಕೊಡಿ. ಎರಡಕ್ಕೆ ನಡುವೆ ತೂತು ಇರಲಿ. ಇನ್ನೆರಡಕ್ಕೆ ಒಂದು ಸೆಂಟಿಮೀಟರ್ ಆಚೆ.